ಕೋಲಿನ ಮುಂದರ್ಧ

"ಮೇಜಿಗೆ ಪಾಕೆಟ್ಟೇ ಇಲ್ಲ ಅಂದ್ರೆ ಚೆಂಡು ಎಲ್ಲಿಗೆ ಹೋಗತ್ತಮ್ಮಾ?"

ಮೈಸೂರಿನಿಂದ ಸೋದರಮಾವ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಅದು. ನಾನು ನೆದರ್‌ಲೆಂಡ್ಸಿನ ಐಂಡ್‌ಹೋವನ್‌ಗೆ ಕೆಲಸಕ್ಕೆ ಬಂದು ಎರಡನೇ ಚಳಿಗಾಲ ನಡೆಯುತ್ತಿತ್ತು. ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುವ ಊರಿನಲ್ಲಿ ಹೊತ್ತು ಹೇಗೆ ಕಳೀತೀಯ ಅಂತ ವಿಚಾರಿಸಿದ್ದರು. ಮನೆ ಹತ್ತಿರದ ಕೆಫೆಯ ಹಿಂದಿನ ಕೋಣೆಯಲ್ಲಿ ಬಿಲಿಯರ್ಡ್ಸ್ ಕಲೀತಿದೀನಿ ಅಂದೆ. ಮಾವ ನಲವತ್ತು ವರ್ಷದಿಂದ ಬಿಲಿಯರ್ಡ್ಸ್ ಆಡುತ್ತಿರುವವರು. ಅವರದು ಹನ್ನೆರಡಡಿ ಮೇಜಿನ, ಆರು ಪಾಕೆಟ್ಟಿನ ಇಂಗ್ಲಿಷ್ ಬಿಲಿಯರ್ಡ್ಸ್. ಬೆಂಗಳೂರಿನ ಪಂಕಜ್ ಅಡ್ವಾಣಿ ವಿಶ್ವ ಪ್ರಶಸ್ತಿಗಳ ಮೇಲೆ ಪ್ರಶಸ್ತಿ ಗೆದ್ದ ಆಟ.

"ಎಲ್ಲಿಗೂ ಹೋಗಲ್ಲ ಮಾವ. ಮೂರೂ ಚೆಂಡು ಮೇಜಿನ ಮೇಲೇ ಇರ್ತವೆ. ನಿಮ್ಮ ಚೆಂಡು ಇನ್ನೆರಡನ್ನೂ ಮುಟ್ಟಿದ್ರೆ ಒಂದು ಪಾಯಿಂಟು."

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಓ, ಬರೀ ಕ್ಯಾನನ್ನು!" ಅಂದರು. ಅಷ್ಟರಲ್ಲಿ ಅವರಿಗೆ ಇಡೀ ಆಟ ಹೊಳೆದುಬಿಟ್ಟಿತ್ತು.

ಈ ಆಟದ ಹೆಸರು ಕ್ಯಾರಮ್ ಬಿಲಿಯರ್ಡ್ಸ್. ಕ್ಯಾರಮ್ ಅಂದರೆ ನಮ್ಮವರ ಕಣ್ಣಮುಂದೆ ಬರುವುದು ಬೋರಿಕ್ ಪೌಡರ್ ಉದುರಿಸಿದ ಕೇರಂ ಬೋರ್ಡು. ಹೆಸರಿನಲ್ಲಿ ಎರಡಕ್ಕೂ ನಂಟಿದೆ. ಮಾವ ಹೇಳುವ ಕ್ಯಾನನ್ ಕೂಡ ಕ್ಯಾರಮ್ಮಿನದೇ ತಿರುಚಿದ ರೂಪ. ನಿಘಂಟುಗಳ ಜಾಡು ಹಿಡಿದು ಹಿಂದೆ ಹೋದರೆ ಫ್ರೆಂಚಿನ ಕಾರಾಂಬೋಲ್ ಸಿಗುತ್ತದೆ, ಅದರಾಚೆ ಸ್ಪೇನಿನ ಕಾರಾಂಬೋಲಾ ಸಿಗುತ್ತದೆ. ಕಾರಾಂಬೋಲಾ ಅಂದರೆ ಒಂದು ಹಣ್ಣು. ಆ ಪದವನ್ನು ಪೋರ್ಚುಗೀಸರು ಮರಾಠಿಯ ಕರಂಬಳದಿಂದ ಎತ್ತಿಕೊಂಡರು ಅನ್ನುತ್ತಾರೆ. ಕೊಂಕಣಿಗರ ಕರಂಬಲ, ನಮ್ಮ ಕರಾವಳಿ ಮತ್ತು ಮಲೆನಾಡಿನ ಧಾರೆಹುಳಿ! ಅಡ್ಡ ಕೊಯ್ದರೆ ಐದು ಮೂಲೆಯ ನಕ್ಷತ್ರವಾಗುವ, ಉಪ್ಪು ಹಚ್ಚಿ ತಿಂದರೆ ಹಲ್ಲು ಚುಳ್ಳೆನ್ನುವ ಆ ಹಣ್ಣಿನ ಹೆಸರು ಹೇಗೋ ಬಿಲಿಯರ್ಡ್ಸ್ ಮೇಜಿನ ಕೆಂಪು ಚೆಂಡಿಗೆ ಅಂಟಿಕೊಂಡು, ಚೆಂಡಿನಿಂದ ಹೊಡೆತಕ್ಕೆ, ಹೊಡೆತದಿಂದ ಆಟಕ್ಕೆ ಬಂತು. ಇಲ್ಲಿ ಡಚ್ಚರು ಒಂದೊಂದು ಪಾಯಿಂಟಿಗೂ 'ಕಾರಾಂಬೋಲ' ಅಂತಲೇ ಎಣಿಸುತ್ತಾರೆ. ಬ್ರಾಬಾಂಟ್ ಸೀಮೆಯ ಕೆಫೆಯೊಂದರಲ್ಲಿ, ಹೊರಗೆ ಸೋನೆ ಹಿಡಿದಿರುವ ಸಂಜೆ, ಹಿರಿಯರೊಬ್ಬರು "ಏಳು ಕಾರಾಂಬೋಲ" ಅಂತ ಗಟ್ಟಿಯಾಗಿ ಎಣಿಸಿದಾಗ ನನಗೆ ಕುಮಟೆಯ ಅಜ್ಜಿಮನೆ ಹಿತ್ತಿಲಿನ ಮರ ನೆನಪಾಗುತ್ತದೆ. ಕೋಲಿನ ತುದಿಯ ಚರ್ಮಕ್ಕೆ ಇವರು ಇಟ್ಟ ಹೆಸರು 'ಪೋಮರಾನ್ಸ್'. ಅದೂ ಹಣ್ಣಿನ ಹೆಸರೇ, ಒಂದು ಜಾತಿಯ ಕಹಿ ಕಿತ್ತಳೆಯದು.

ಇರಲಿ. ನಾನು ಹೇಳಹೊರಟದ್ದು ಶಾಫ್ಟಿನ ವಿಷಯ.

ಕ್ಯೂ ಕೋಲು ಎರಡು ತುಂಡಿನದು. ಹಿಂಭಾಗ ಬಟ್, ಮುಂಭಾಗ ಶಾಫ್ಟ್, ನಡುವೆ ತಿರುಪು. ಹಳೆಯ ಯುರೋಪಿಯನ್ ಕೋಲುಗಳಲ್ಲಿ ಆ ತಿರುಪೂ ಮರದ್ದೇ, ಮರಕ್ಕೆ ಮರ ಕೂಡಿಕೊಳ್ಳುವ ಹಾಗೆ. ಇಡೀ ಕೋಲು ಸುಮಾರು 140 ಸೆಂಟಿಮೀಟರು ಉದ್ದ, ತೂಕ ಅರ್ಧ ಕಿಲೋ ಆಚೀಚೆ. ಅದರಲ್ಲಿ ಶಾಫ್ಟಿನ ಪಾಲು ಎಪ್ಪತ್ತು ಸೆಂಟಿಮೀಟರು, ತೂಕದಲ್ಲಿ ಕಾಲು ಭಾಗದಷ್ಟು. ಕೆತ್ತನೆ, ಬಣ್ಣ, ಮುತ್ತಿನ ಚಿಪ್ಪಿನ ಕೂಡಿಕೆಯೆಲ್ಲ ಬಟ್ಟಿನಲ್ಲಿರುತ್ತದೆ, ಅಂಗಡಿಯಲ್ಲಿ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ. ಚೆಂಡನ್ನು ಮುಟ್ಟುವುದು ಮಾತ್ರ ಈ ಬೋಳು ಮುಂದರ್ಧ. ಬಟ್ಟು ಬದಲಾದರೆ ನನ್ನ ಕೈಗೆ ಎರಡು ದಿನದಲ್ಲಿ ರೂಢಿಯಾಗುತ್ತದೆ. ಶಾಫ್ಟು ಬದಲಾದರೆ ಆಟವೇ ಬದಲಾಗುತ್ತದೆ. ಇದನ್ನು ನಾನು ಕಲಿತದ್ದು ಒಂದು ಇಡೀ ವರ್ಷದ ಆಟ ಕೆಡಿಸಿಕೊಂಡು.

ಇಲ್ಲಿಯ ಕ್ಲಬ್ಬುಗಳಲ್ಲಿ ಒಳ್ಳೆಯ ಪದ್ಧತಿಯೊಂದಿದೆ. ಎಷ್ಟು ಸರದಿಯಲ್ಲಿ ಎಷ್ಟು ಕಾರಾಂಬೋಲ ಮಾಡಿದಿರಿ ಅನ್ನುವ ಸರಾಸರಿಯ ಮೇಲೆ ನಿಮ್ಮ ಗುರಿ ಗೊತ್ತಾಗುತ್ತದೆ. ಹೊಸಬರು ಕಡಿಮೆ ಮುಟ್ಟಿದರೆ ಸಾಕು, ನುರಿತವರು ಹೆಚ್ಚು ಮುಟ್ಟಬೇಕು. ಹಾಗಾಗಿ ಇಪ್ಪತ್ತರ ಹುಡುಗಿ ಎಪ್ಪತ್ತರ ಅಜ್ಜನೆದುರು ಸಮಸಮ ನಿಲ್ಲಬಹುದು. ನಾನು ಆಡುತ್ತಿದ್ದದ್ದು 'ಲಿಬ್ರ', ಅಂದರೆ ಎರಡು ಚೆಂಡನ್ನು ಹೇಗಾದರೂ ಮುಟ್ಟಿ ಅನ್ನುವ ಸರಳ ಆಟ. ಎರಡು ವರ್ಷಕ್ಕೆ ನನ್ನ ಸರಾಸರಿ 1.60ಕ್ಕೆ ಬಂದಿತ್ತು. ಆಗ ಆಸೆ ಹುಟ್ಟಿತು. ಟಿ.ವಿ.ಯಲ್ಲಿ ಮೂರು ಕುಷನ್ನಿನ, ಅಂದರೆ ಚೆಂಡು ಮೇಜಿನ ಅಂಚುಗಳಿಗೆ ಮೂರು ಸಲ ಬಡಿದು ಬರಬೇಕಾದ ಆಟದ, ವಿಶ್ವಕಪ್ ನೋಡುತ್ತಿದ್ದೆ. ದೊಡ್ಡ ಆಟಗಾರರೊಬ್ಬರ ಕೈಯಲ್ಲಿ ಕಪ್ಪಗೆ ಮಿನುಗುವ ಕಾರ್ಬನ್ ಫೈಬರ್ ಶಾಫ್ಟು. ಅಂಗಡಿಗೆ ಹೋದೆ. ಮಾರುವವರು ನನ್ನ ಆಟ ಯಾವುದು, ಬ್ರಿಜ್, ಅಂದರೆ ಕೋಲಿಗೆ ಆಸರೆ ಕೊಡುವ ಮುಂದಿನ ಕೈಯಿಂದ ಚೆಂಡಿನವರೆಗಿನ ದೂರ, ಎಷ್ಟು ಉದ್ದ ಅಂತ ಒಂದು ಮಾತೂ ಕೇಳಲಿಲ್ಲ. "ಇದರಲ್ಲಿ ಚೆಂಡು ದಿಕ್ಕು ತಪ್ಪುವುದಿಲ್ಲ" ಅಂದರು. ಒಂದು ತಿಂಗಳ ಬಾಡಿಗೆಯ ಅರ್ಧದಷ್ಟು ದುಡ್ಡು ಕೊಟ್ಟು ತಂದೆ.

ಆ ವರ್ಷ ನನ್ನ ಸರಾಸರಿ 1.10ಕ್ಕೆ ಇಳಿಯಿತು. ಸುಲಭದ ಚೆಂಡುಗಳೇ ತಪ್ಪುತ್ತಿದ್ದವು. ಅದೂ ಒಂದೇ ರೀತಿಯಲ್ಲಿ: ಬಲಗಡೆ ಸುತ್ತು ಕೊಟ್ಟಾಗ ಚೆಂಡು ನಾನಂದುಕೊಂಡದ್ದಕ್ಕಿಂತ ಬಲಕ್ಕೆ ಹೋಗುತ್ತಿತ್ತು, ಎಡಗಡೆ ಕೊಟ್ಟಾಗ ಎಡಕ್ಕೆ. ನನಗೆ ಆಟವೇ ಬಾರದೇನೋ ಅಂತ ಅನ್ನಿಸಿ ಎರಡು ವಾರ ಕ್ಲಬ್ಬಿಗೇ ಹೋಗಲಿಲ್ಲ.

ಮತ್ತೆ ಹೋದಾಗ ನನ್ನನ್ನು ಹಿಡಿದು ಕೂರಿಸಿದವರು ನಮ್ಮ ಕ್ಲಬ್ಬಿನ ಹಿರಿಯರೊಬ್ಬರು. ನಿವೃತ್ತ ಬಡಗಿ. ಇಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದು ಏಕವಚನದಲ್ಲೇ ಕರೆಯುತ್ತಾರೆ, ನಾನೂ ಡಚ್ಚಿನಲ್ಲಿ ಹಾಗೇ ಕರೆಯುತ್ತೇನೆ. ಮನಸ್ಸಿನಲ್ಲಿ ಮಾತ್ರ ಅವರು ನನಗೆ ಬಡಗಿ ತಾತ. ನನ್ನ ಕಪ್ಪು ಶಾಫ್ಟನ್ನು ಕೈಗೆ ತೆಗೆದುಕೊಂಡು, ಉಗುರಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದು ಕೇಳಿದರು. "ಒಳ್ಳೆಯ ಸಾಮಾನು. ನಿನ್ನ ಕಣ್ಣು ಮಾತ್ರ ಇನ್ನೂ ಹಳೇ ಶಾಫ್ಟಿನ ಲೆಕ್ಕದಲ್ಲೇ ಇದೆ. ಭಾನುವಾರ ಬೆಳಿಗ್ಗೆ ಬಾ, ಮೇಜು ಖಾಲಿ ಇರುತ್ತೆ" ಅಂದರು.

ಅವರು ಹೇಳಿದ ಲೆಕ್ಕ ಇಷ್ಟು. ಚೆಂಡಿನ ನಡುವಿಗೆ ಹೊಡೆದರೆ ಕೋಲು ತೋರಿಸಿದ ದಿಕ್ಕಿಗೇ ಚೆಂಡು ಹೋಗುತ್ತದೆ. ಬಲಕ್ಕೆ ಸರಿದು ಹೊಡೆದರೆ ಚೆಂಡು ಸುತ್ತುತ್ತದೆ, ಜೊತೆಗೆ ತುಸು ಎಡಕ್ಕೆ ಚಿಮ್ಮುತ್ತದೆ. ಕೋಲಿನ ತುದಿಯ ಚರ್ಮ, ಅಂದರೆ ಟಿಪ್ಪು, ಚೆಂಡಿಗೆ ಅಂಟಿರುವುದು ಸೆಕೆಂಡಿನ ಸಾವಿರದಲ್ಲೊಂದೆರಡು ಪಾಲು. ಅಷ್ಟರಲ್ಲೇ ಚೆಂಡು ತಿರುಗುತ್ತಾ ಟಿಪ್ಪನ್ನು ಪಕ್ಕಕ್ಕೆ ನೂಕುತ್ತದೆ, ಟಿಪ್ಪು ಚೆಂಡನ್ನು ಆಚೆ ಪಕ್ಕಕ್ಕೆ ನೂಕುತ್ತದೆ. ಅಷ್ಟು ಕಡಿಮೆ ಹೊತ್ತಿನಲ್ಲಿ ಕೋಲಿನ ಹಿಂಭಾಗಕ್ಕೆ ಸುದ್ದಿಯೇ ತಲುಪುವುದಿಲ್ಲ. ಈ ತಳ್ಳಾಟದಲ್ಲಿ ಸೇರುವುದು ಮುಂದಿನ ಒಂದು ಗೇಣು ಮರ ಮಾತ್ರ. ಆ ಗೇಣು ಭಾರವಿದ್ದರೆ ಚೆಂಡು ಹೆಚ್ಚು ಚಿಮ್ಮುತ್ತದೆ, ಹಗುರವಿದ್ದರೆ ಕಡಿಮೆ. ಅಮೆರಿಕದ ರಾನ್ ಶೆಪರ್ಡ್ ಎಂಬವರು 2001ರಲ್ಲಿ ಇದನ್ನೆಲ್ಲ ಗಣಿತದಲ್ಲಿ ಬಿಡಿಸಿ ಬರೆದಿದ್ದಾರೆ. ನಾನು ಎಂಜಿನಿಯರ್ ಆದ್ದರಿಂದ ಆ ರಾತ್ರಿಯೇ ಕೂತು ಓದಿದೆ. ಶಾಫ್ಟಿನ ತುದಿ ಕೊರೆದು ಟೊಳ್ಳು ಮಾಡುವುದು, ಟಿಪ್ಪಿನ ಕೆಳಗಿನ ಬಿಳಿ ಬಳೆಯನ್ನು ಗಿಡ್ಡ ಮಾಡುವುದು, ಕಾರ್ಬನ್ ಬಳಸುವುದು, ಎಲ್ಲವೂ ಈ ಮುಂದಿನ ಗೇಣನ್ನು ಹಗುರ ಮಾಡುವ ಉಪಾಯಗಳು. ನನ್ನ ಹಳೇ ಮೇಪಲ್ ಶಾಫ್ಟು ಚೆಂಡನ್ನು ಚೆನ್ನಾಗಿ ಚಿಮ್ಮಿಸುತ್ತಿತ್ತು, ನನಗರಿವಿಲ್ಲದೆ ನನ್ನ ಕಣ್ಣು ಅಷ್ಟು ಬಿಟ್ಟುಕೊಂಡೇ ಗುರಿ ಇಡುತ್ತಿತ್ತು. ಹೊಸ ಶಾಫ್ಟು ಚಿಮ್ಮಿಸಲಿಲ್ಲ, ಕಣ್ಣು ಬಿಟ್ಟುಕೊಳ್ಳುವುದನ್ನು ನಿಲ್ಲಿಸಲಿಲ್ಲ. ಮಾರುವವರು ಹೇಳಿದ್ದು ನಿಜವೇ ಆಗಿತ್ತು, ಚೆಂಡು ದಿಕ್ಕು ತಪ್ಪುತ್ತಿರಲಿಲ್ಲ.

ಸುತ್ತು ಕೊಡುವ ಈ ವಿದ್ಯೆಯೇ ಮನುಷ್ಯನಿಗೆ ತಡವಾಗಿ ದಕ್ಕಿದ್ದು. ಬರೀ ಮರದ ತುದಿಯಿಂದ ಚೆಂಡಿನ ಪಕ್ಕಕ್ಕೆ ಹೊಡೆದರೆ ಕೋಲು ಜಾರುತ್ತದೆ. ತುದಿಗೆ ಚರ್ಮ ಕೂರಿಸಿದ ಕೀರ್ತಿ ಹೋಗುವುದು ಫ್ರೆಂಚ್ ಸೈನ್ಯದ ಕ್ಯಾಪ್ಟನ್ ಫ್ರಾನ್ಸ್ವಾ ಮ್ಯಾಂಗೋ ಅವರಿಗೆ. ಪ್ಯಾರಿಸಿನ ಬಿಸೆತ್ರ್ ಜೈಲಿನಲ್ಲಿದ್ದಾಗ ಅಲ್ಲಿಯ ಮೇಜಿನ ಮೇಲೆ ಅದನ್ನು ಪಳಗಿಸಿದರಂತೆ, ಬಿಡುಗಡೆಯ ದಿನ ಬಂದಾಗ ಅಭ್ಯಾಸ ಮುಗಿದಿಲ್ಲ, ಇನ್ನಷ್ಟು ದಿನ ಇರುತ್ತೇನೆ ಅಂದರಂತೆ. ಈ ಕತೆಯನ್ನು ಬಿಲಿಯರ್ಡ್ಸ್ ಆಡುವವರು ಎಲ್ಲ ದೇಶದಲ್ಲೂ ಹೇಳುತ್ತಾರೆ, ನನಗದು ನಂಬಲು ಇಷ್ಟ. 1827ರಲ್ಲಿ ಅವರ ಪುಸ್ತಕ ಬಂತು. ಎಂಟು ವರ್ಷದ ನಂತರ, 1835ರಲ್ಲಿ, ಇನ್ನೊಬ್ಬ ಫ್ರೆಂಚ್ ಮಹನೀಯರು ಬಿಲಿಯರ್ಡ್ಸ್ ಚೆಂಡಿನ ಸುತ್ತಿನ ಬಗ್ಗೆಯೇ ಒಂದು ಗಣಿತ ಗ್ರಂಥ ಬರೆದರು. ಅವರು ಗುಸ್ತಾವ್ ಕೊರಿಯೋಲಿಸ್. ಚಂಡಮಾರುತ ಉತ್ತರ ಗೋಳದಲ್ಲಿ ಒಂದು ಕಡೆಗೆ, ದಕ್ಷಿಣ ಗೋಳದಲ್ಲಿ ಇನ್ನೊಂದು ಕಡೆಗೆ ಸುತ್ತುವುದನ್ನು ವಿವರಿಸಲು ಶಾಲೆಯಲ್ಲಿ ಹೇಳಿಕೊಟ್ಟ ಕೊರಿಯೋಲಿಸ್ ಪರಿಣಾಮ ಇದೆಯಲ್ಲ, ಅದೇ ಕೊರಿಯೋಲಿಸ್. ಬಂಗಾಳ ಕೊಲ್ಲಿಯ ಸೈಕ್ಲೋನಿಗೂ ನಮ್ಮ ಕೆಫೆಯ ಹಳದಿ ಚೆಂಡಿಗೂ ಒಬ್ಬರೇ ಲೆಕ್ಕಿಗರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೋದೆ. ತಾತ ಆಗಲೇ ಮೇಜಿನ ಬಿಸಿ ಹಾಕಿದ್ದರು. ಈ ಮೇಜುಗಳ ಕಲ್ಲುಹಾಸನ್ನು ಕೆಳಗಿನಿಂದ ಕಾಯಿಸುತ್ತಾರೆ, ಬಟ್ಟೆ ಥಂಡಿ ಹಿಡಿಯದೆ ಚೆಂಡು ದೂರ ಓಡಲಿ ಅಂತ. ಚಳಿಗಾಲದಲ್ಲಿ ಅಂಗೈ ಇಟ್ಟರೆ ಆಗಷ್ಟೇ ಎದ್ದುಹೋದವರ ಹಾಸಿಗೆಯ ಹಾಗೆ ಬೆಚ್ಚಗಿರುತ್ತದೆ. ಎದುರಿನ ಗಿಡ್ಡ ಅಂಚಿನ ಮರದ ಮೇಲೆ ಅವರು ಕಾಗದದ ಟೇಪು ಅಂಟಿಸಿ, ಬಡಗಿಗಳ ಚಪ್ಪಟೆ ಪೆನ್ಸಿಲಿನಿಂದ ನಡುವಿಗೊಂದು ದಪ್ಪ ಗೆರೆ, ಎರಡೂ ಪಕ್ಕಕ್ಕೆ ಬೆರಳಗಲಕ್ಕೊಂದು ಸಣ್ಣ ಗೆರೆ ಎಳೆದಿದ್ದರು. ಮೂರು ಶಾಫ್ಟು ಸಾಲಾಗಿ ಇಟ್ಟಿದ್ದವು: ನನ್ನ ಕಾರ್ಬನ್ನು, ನನ್ನ ಹಳೇ ಒಂಟಿ ಮೇಪಲ್, ಅವರದೇ ಹಾರ್ನ್‌ಬೀಮ್ ಮರದ್ದು. ಚೆಂಡನ್ನು ಈಚೆಯ ಚುಕ್ಕೆಯ ಮೇಲಿಟ್ಟು ನಡುಗೆರೆಗೆ ಗುರಿ ಹಿಡಿಯಬೇಕು, ಕೋಲನ್ನು ಒಂದು ಟಿಪ್ಪಿನಷ್ಟು ಬಲಕ್ಕೆ ಸಮಾನಾಂತರ ಸರಿಸಿ ಗಟ್ಟಿಯಾಗಿ ಹೊಡೆಯಬೇಕು. ಚೆಂಡು ಕುಷನ್ನಿಗೆ ಬಡಿದ ಜಾಗ ಅವರು ನೋಡುತ್ತಾರೆ.

ಒಂದೊಂದರಲ್ಲಿ ಹತ್ತು ಹೊಡೆತ. ಹಳೇ ಮೇಪಲಿನ ಚೆಂಡು ಗೆರೆಯಿಂದ ಎಡಕ್ಕೆ ನಾಲ್ಕು ಬೆರಳು ಬಿಟ್ಟು ಬಡಿಯಿತು. ಹಾರ್ನ್‌ಬೀಮಿನದು ಮೂರು. ಕಾರ್ಬನ್ನಿನದು ಎರಡಕ್ಕೂ ಕಡಿಮೆ. ಮೃದುವಾಗಿ ಹೊಡೆದಾಗ ಅಂತರಗಳು ಕರಗಿದವು. ಕೋಲಿನ ಹಿಂಭಾಗ ಸದಾ ತುಸು ಮೇಲಿರುವುದರಿಂದ ಸುತ್ತಿದ ಚೆಂಡು ನಿಧಾನವಾಗಿ ಬಾಗಿ ಗೆರೆಯ ಕಡೆಗೆ ಮರಳುತ್ತದೆ, ಮೆಲ್ಲಗೆ ಹೋದಷ್ಟೂ ಬಾಗಲು ಹೊತ್ತು ಸಿಗುತ್ತದೆ. ಲಿಬ್ರದಂಥ ಮೃದು ಆಟದಲ್ಲಿ ದುಬಾರಿ ಶಾಫ್ಟಿನ ಲಾಭದ ಅರ್ಧ ಅಲ್ಲಿಗೇ ಹೋಯಿತು.

ಆಮೇಲೆ ತಾತ ಪ್ಯಾಂಟಿನ ಜೇಬಿನಿಂದ ಅಳತೆ ಟೇಪು ತೆಗೆದು ನನ್ನ ಬ್ರಿಜ್ ಅಳೆದರು. ಬೆರಳುಗಳ ಉಂಗುರದಿಂದ ಚೆಂಡಿನವರೆಗೆ 20 ಸೆಂಟಿಮೀಟರು. ಗೇಣಿಗಿಂತ ತುಸು ಕಡಿಮೆ. "ನೀನು ಸುತ್ತು ಕೊಡುವಾಗ ಕೋಲನ್ನು ಸರಿಸ್ತೀಯೋ, ತಿರುಗಿಸ್ತೀಯೋ?" ಅಂತ ಕೇಳಿದರು. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಾಮೂಲಿ ಆಟ ಆಡು ಅಂದರು, ಆಡಿದೆ, ಅವರು ಪಕ್ಕದಲ್ಲಿ ಬಗ್ಗಿ ನೋಡಿದರು. ನಾನು ತಿರುಗಿಸುತ್ತಿದ್ದೆ. ಗುರಿಯನ್ನು ಚೆಂಡಿನ ನಡುವಿಗೇ ಹಿಡಿದು, ಮುಂದಿನ ಕೈ ಅಲುಗಿಸದೆ, ಕೊನೆಯ ಕ್ಷಣದಲ್ಲಿ ಹಿಂದಿನ ಕೈಯನ್ನು ಎಡಕ್ಕೆ ಒಯ್ಯುತ್ತಿದ್ದೆ. ಟಿಪ್ಪು ಬಲಕ್ಕೆ ಸರಿಯುತ್ತಿತ್ತು, ಇಡೀ ಕೋಲೂ ಬಲಕ್ಕೆ ಮುಖ ಮಾಡುತ್ತಿತ್ತು.

ನನ್ನನ್ನು ವರ್ಷವಿಡೀ ಕಾಡಿದ ಗಂಟು ಬಿಚ್ಚಿಕೊಂಡದ್ದು ಇಲ್ಲಿ. ಕೋಲು ಬಲಕ್ಕೆ ಮುಖ ಮಾಡಿದೆ, ಚೆಂಡು ಎಡಕ್ಕೆ ಚಿಮ್ಮುತ್ತದೆ. ಎರಡೂ ಸರಿಸಮ ಆದರೆ ಚೆಂಡು ಮೊದಲು ಇಟ್ಟ ಗುರಿಗೇ ನೆಟ್ಟಗೆ ಹೋಗುತ್ತದೆ. ಸರಿಸಮ ಆಗುವ ಬ್ರಿಜ್ ಉದ್ದ ಪ್ರತಿ ಶಾಫ್ಟಿಗೂ ಬೇರೆ ಬೇರೆ. ಮುಂದು ಭಾರದ ಶಾಫ್ಟಿಗೆ ಅದು ಗೇಣಿನ ಆಸುಪಾಸು ಇರಬಹುದು, ಹಗುರ ಶಾಫ್ಟಿಗೆ ಮೊಳದವರೆಗೂ ಹೋಗಬಹುದು. ನನ್ನ ಕೈ ಗೇಣಿನದು, ನಾನು ಕೊಂಡದ್ದು ಮೊಳದ ಶಾಫ್ಟು. ಟಿ.ವಿ.ಯಲ್ಲಿ ನಾನು ನೋಡಿದ ಆಟಗಾರರು ಉದ್ದ ಬ್ರಿಜ್ಜಿಟ್ಟು, ಉದ್ದಕ್ಕೆ ಎಳೆದು, ದೊಡ್ಡ ಮೇಜಿನ ಮೂರು ನಾಲ್ಕು ಕುಷನ್ ಸುತ್ತಿಸುವವರು. ಅವರ ಕೈಗೆ ಅದು ಹೇಳಿ ಮಾಡಿಸಿದ್ದು. ನನ್ನ ಹಳೇ ಮೇಪಲ್ ನನಗೆ ಹೇಳಿ ಮಾಡಿಸಿದ್ದಾಗಿತ್ತು. ಅದು ಕ್ಲಬ್ಬಿನ ಮೂಲೆಯಲ್ಲಿ ಸಿಕ್ಕಿದ ಶಾಫ್ಟು, ಯಾರೂ ಮಾರಲು ಬಂದಿರಲಿಲ್ಲವಾದ್ದರಿಂದ ಅದರ ಗುಣ ನನಗೆ ಯಾರೂ ಹೇಳಿರಲಿಲ್ಲ.

ಅಂದಿನಿಂದ ಯಾರಾದರೂ ಯಾವ ಶಾಫ್ಟ್ ಕೊಳ್ಳಲಿ ಅಂತ ಕೇಳಿದರೆ ನಾನು ಮೊದಲು ಅವರ ಎರಡೂ ಕೈ ನೋಡುತ್ತೇನೆ. ಚೆಂಡುಗಳನ್ನು ಮೂಲೆಯಲ್ಲಿ ಕೂಡಿಹಾಕಿಕೊಂಡು, ಮರಿಕೋಳಿಗಳನ್ನು ಅಟ್ಟಿಕೊಂಡು ಹೋದ ಹಾಗೆ ಮೆಲ್ಲಮೆಲ್ಲಗೆ ಸಾಗಿಸುವವರಿಗೆ, ಅಂದರೆ ಲಿಬ್ರ ಮತ್ತು ಗೆರೆ ಹಾಕಿದ ಮೇಜಿನ 47/2, 71/2 ಆಟಗಳವರಿಗೆ, ಟಿಪ್ಪು ಚೆಂಡಿಗೆ ತಾಗಿದ್ದು ಬೆರಳಿಗೆ ಗೊತ್ತಾಗಬೇಕು. ಆ ಸುದ್ದಿಯನ್ನು ಒಂಟಿ ಮರ ಚೆನ್ನಾಗಿ ತರುತ್ತದೆ. ತುದಿ 11 ಮಿಲಿಮೀಟರಿನ ಹತ್ತಿರ ಇದ್ದರೆ ಚೆಂಡಿನ ಮೇಲೆ ಎಲ್ಲಿ ಹೊಡೆಯುತ್ತಿದ್ದೇವೆ ಅನ್ನುವುದು ಕಣ್ಣಿಗೂ ಸ್ಪಷ್ಟ. ಮೂರು ಕುಷನ್ನಿನವರ ಪಾಡು ಬೇರೆ. ಚೆಂಡು ಎರಡನೆಯದನ್ನು ಮುಟ್ಟುವ ಮೊದಲು ಕಡೇಪಕ್ಷ ಮೂರು ಸಲ ಕುಷನ್ನಿಗೆ ಬಡಿಯಬೇಕು. ಚೆಂಡೋ 61.5 ಮಿಲಿಮೀಟರಿನದು, ಇನ್ನೂರು ಗ್ರಾಂ ದಾಟುತ್ತದೆ. ಮಾವನ ಬಿಲಿಯರ್ಡ್ಸ್ ಚೆಂಡು 52.5 ಮಿಲಿಮೀಟರು ಅಷ್ಟೇ. ಪಂದ್ಯದ ಮೇಜು 2.84 ಮೀಟರು ಉದ್ದ. ಈ ಭಾರವನ್ನು ಅಷ್ಟು ದೂರ ಓಡಿಸಲು ಬಗ್ಗದ ಶಾಫ್ಟು ಬೇಕು, ತುದಿ 12ರ ಹತ್ತಿರ ಇರಬೇಕು. ಪೂರ್ತಿ ಸುತ್ತು ಕೊಟ್ಟು ದೂರದ ಚೆಂಡಿನ ಅಂಚು ಸವರಬೇಕಾಗುವುದರಿಂದ ಚಿಮ್ಮುವುದು ಕಡಿಮೆ ಇದ್ದಷ್ಟೂ ಒಳ್ಳೆಯದು. ಹೋಳುಹೋಳಾಗಿ ಸೀಳಿ, ಕಿತ್ತಳೆ ತೊಳೆಗಳ ಹಾಗೆ ಸುತ್ತ ಜೋಡಿಸಿ ಅಂಟಿಸಿದ ಮರದ ಶಾಫ್ಟುಗಳೂ, ಕಾರ್ಬನ್ನೂ ಇವರಿಗೇ. ಅಂಟಿಸಿದ್ದಕ್ಕೆ ಯಾವ ಪಕ್ಕದಿಂದ ಹಿಡಿದರೂ ಗುಣ ಒಂದೇ, ಬೇಗ ಸೊಟ್ಟಗಾಗುವುದೂ ಇಲ್ಲ.

ಎರಡೂ ಆಟದಲ್ಲಿ ಸಮ ಹೆಸರು ಮಾಡಿದವರೂ ಇದ್ದಾರೆ. ಬೆಲ್ಜಿಯಂನ ಫ್ರೆಡೆರಿಕ್ ಕೌಡ್ರೋನ್ ಚೆಂಡು ಕೂಡಿಹಾಕುವುದರಲ್ಲೂ ಗೆದ್ದರು, ಮೂರು ಕುಷನ್ನಿನಲ್ಲೂ ವಿಶ್ವ ಚಾಂಪಿಯನ್ ಆದರು. ಅವರಿಗಿಂತ ಹಿಂದಿನ ತಲೆಮಾರಿನಲ್ಲಿ, ನಮ್ಮಿಂದ ಗಡಿ ದಾಟಿದರೆ ಹತ್ತಿರವೇ ಇರುವ ಲೀರ್ ಊರಿನ ರೇಮಂಡ್ ಕೂಲೆಮನ್ಸ್. 1937ರಲ್ಲಿ ಹುಟ್ಟಿದವರು, ಎಲ್ಲ ಬಗೆಯ ಆಟ ಸೇರಿ 35 ವಿಶ್ವ ಪ್ರಶಸ್ತಿ ಗೆದ್ದವರು. ಅವರ ದೊಡ್ಡ ಗೆಲುವುಗಳ ಕಾಲದಲ್ಲಿ ಟೊಳ್ಳು ತುದಿಯೂ ಇರಲಿಲ್ಲ, ಕಾರ್ಬನ್ನೂ ಇರಲಿಲ್ಲ. ಇನ್ನು ನಮ್ಮ ಬ್ರಾಬಾಂಟಿನವರೇ ಆದ ಡಿಕ್ ಯಾಸ್ಪರ್ಸ್ ಮೂರು ಕುಷನ್ನಿನಲ್ಲಿ 2000, 2004, 2011, 2018 ಮತ್ತು 2021ರಲ್ಲಿ ವಿಶ್ವ ಚಾಂಪಿಯನ್. ಮೊದಲನೆಯದಕ್ಕೂ ಕೊನೆಯದಕ್ಕೂ ಇಪ್ಪತ್ತೊಂದು ವರ್ಷ! ಆ ಎರಡು ದಶಕದಲ್ಲಿ ಶಾಫ್ಟಿನ ಲೋಕ ತಲೆಕೆಳಗಾಯಿತು. ಅವರು ಪ್ರತಿ ಹೊಡೆತಕ್ಕೂ ಅದೇ ಹೆಜ್ಜೆ, ಅದೇ ತೂಗಾಟದಲ್ಲಿ ಮೇಜಿಗೆ ಬರುವುದನ್ನು ನೋಡಿದಾಗ, ಒಂದು ಕೈಯನ್ನು ಅಷ್ಟು ಚೆನ್ನಾಗಿ ತಿಳಿದುಕೊಂಡವರು ಯಾವ ಶಾಫ್ಟಿನ ಹತ್ತಿರವೂ ಮಾತಾಡಿಕೊಳ್ಳಬಲ್ಲರು ಅನ್ನಿಸುತ್ತದೆ.

ಶಾಫ್ಟಿನ ಓರೆಯ ಬಗ್ಗೆ ಒಂದು ಮಾತು. ಅಮೆರಿಕದ ಪೂಲ್ ಶಾಫ್ಟು ತುದಿಯಿಂದ ಒಂದಡಿಯಷ್ಟು ದೂರ ಒಂದೇ ದಪ್ಪಕ್ಕೆ ಬಂದು ಆಮೇಲೆ ಅಗಲವಾಗುತ್ತದೆ. ಕ್ಯಾರಮ್ಮಿನದು ತುದಿಯಿಂದಲೇ ಅಗಲವಾಗುತ್ತಾ ಹೋಗುತ್ತದೆ, ಮೂಲಂಗಿಯ ಹಾಗೆ. ಅದಕ್ಕೇ ಸಣ್ಣ ತುದಿ ಇದ್ದೂ ಅದು ಬಿಗಿ. ತೋರುಬೆರಳನ್ನು ಉಂಗುರ ಮಾಡಿ ಅದರೊಳಗಿಂದ ಕೋಲು ಓಡಿಸುವವರಿಗೆ ಪ್ರತಿ ಹೊಡೆತದಲ್ಲೂ ಶಾಫ್ಟು ಬೆರಳನ್ನು ಮೆಲ್ಲಗೆ ಅಗಲಿಸುತ್ತದೆ. ಉದ್ದ ಎಳೆತದವರಿಗೆ ಇದು ತೊಡಕು, ಅವರು ಓರೆ ಕಡಿಮೆ ಇರುವುದನ್ನೇ ಹುಡುಕಬೇಕು. ಗಿಡ್ಡ ಎಳೆತದ ನನಗೆ ಹಾಗೆ ಅಗಲವಾಗುವುದೇ ಗುರುತು. ಎಷ್ಟು ಮುಂದೆ ಹೋದೆ ಅಂತ ಬೆರಳು ತಾನೇ ಹೇಳುತ್ತದೆ.

ಮರ ನೋಡುವುದನ್ನೂ ತಾತನೇ ಕಲಿಸಿದರು. ಗೆರೆಗಳು ತುದಿಯಿಂದ ಬುಡದವರೆಗೆ ನೇರ ಓಡಿರಬೇಕು. ನಡುವೆ ಎಲ್ಲಾದರೂ ಪಕ್ಕಕ್ಕೆ ಹರಿದು ಹೊರಗೆ ಹೋಗಿದ್ದರೆ ಅಲ್ಲೇ ಒಂದು ದಿನ ಬಾಗುತ್ತದೆ. ಬಟ್ಟಿನಿಂದ ಬಿಚ್ಚಿದ ಶಾಫ್ಟನ್ನು ಮೇಜಿನ ಮೇಲೆ ಉರುಳಿಸಿ, ಕಣ್ಣನ್ನು ಬಟ್ಟೆಯ ಮಟ್ಟಕ್ಕೆ ತಂದು, ಅಡಿಯಲ್ಲಿ ಬೆಳಕಿನ ಗೆರೆ ಕುಣಿಯುತ್ತದೋ ನೋಡಬೇಕು. ಎರಡು ಬೆರಳಲ್ಲಿ ತೂಗುಹಾಕಿ ತಟ್ಟಿದರೆ ಒಳ್ಳೆಯ ಮರ ನಾದ ಕೊಡುತ್ತದೆ, ಸಂತೆಯಲ್ಲಿ ಮಡಕೆ ಬಾರಿಸಿ ನೋಡಿದ ಹಾಗೆ. ತೂಕದ ಬಗ್ಗೆ ಅವರು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ, ನಾನೂ ಕೆಡಿಸಿಕೊಂಡಿಲ್ಲ.

ಕಾರ್ಬನ್ ಶಾಫ್ಟನ್ನು ನಾನು ಮಾರಲಿಲ್ಲ. ದೊಡ್ಡ ಮೇಜಿನಲ್ಲಿ ಮೂರು ಕುಷನ್ ಆಡುವ ದಿನ ಅದನ್ನೇ ತಿರುಗಿಸಿ ಹಾಕಿಕೊಳ್ಳುತ್ತೇನೆ. ಬ್ರಿಜ್ಜನ್ನು ಒಂದು ಹಿಡಿ ಹಿಂದಕ್ಕೆ ತಂದುಕೊಳ್ಳಲು ಎಂಟು ತಿಂಗಳು ಹಿಡಿಯಿತು. ಲಿಬ್ರಕ್ಕೆ ಮೇಪಲ್. ಸರಾಸರಿ ಈಗ 1.90.

ಕಳೆದ ಬೇಸಿಗೆ ಮಾವ ಬಂದಿದ್ದರು. ಎರಡನೇ ದಿನವೇ ಕ್ಲಬ್ಬಿಗೆ ಕರೆದುಕೊಂಡು ಹೋದೆ. ಕಪ್ಪು ಶಾಫ್ಟನ್ನು ಕಣ್ಣಿಗೆ ಹಿಡಿದು ನೋಡಿ ಕೆಳಗಿಟ್ಟರು. ಮೇಪಲನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅವರ ಕೋಲು ಆಶ್ ಮರದ್ದು, ತುದಿ 9.5 ಮಿಲಿಮೀಟರು. ಅದರ ಮೇಲ್ಮೈಯಲ್ಲಿ ಬಾಣದ ತಲೆಗಳಂಥ ಕಪ್ಪು ಗೆರೆಗಳು ಸಾಲಾಗಿ ಇರುತ್ತವೆ, ಅವನ್ನು ಮೇಲಕ್ಕೆ ಮಾಡಿಕೊಂಡು ಗದ್ದವನ್ನು ಕೋಲಿಗೆ ಒತ್ತಿ ಗುರಿ ಹಿಡಿಯುವುದು ಅವರ ನಲವತ್ತು ವರ್ಷದ ಅಭ್ಯಾಸ. "ಇದರಲ್ಲಿ ಬಾಣಾನೇ ಇಲ್ವಲ್ಲಮ್ಮಾ, ಯಾವ ಕಡೆ ಮೇಲೆ?" ಅಂದರು.

"ಮೇಪಲಿಗೆ ಇರಲ್ಲ ಮಾವ. ನೀವು ಹೇಗೆ ಹಿಡಿದ್ರೂ ಸರಿ."

ಅವರಿಗೆ ಅದು ಸಮಾಧಾನ ಆಗಲಿಲ್ಲ. ತಾತ ಬಾರಿನ ಹತ್ತಿರದಿಂದ ನೋಡುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಬಂದರು, ಕಿವಿಯ ಸಂದಿಯಿಂದ ಚಪ್ಪಟೆ ಪೆನ್ಸಿಲ್ ತೆಗೆದು ಶಾಫ್ಟಿನ ಬುಡದ ಹತ್ತಿರ ಒಂದು ಸಣ್ಣ ಬಾಣ ಬರೆದು ಕೊಟ್ಟರು. ಮಾವ ಬಾಣ ಮೇಲೆ ಮಾಡಿಕೊಂಡು ಬಗ್ಗಿದರು. ಮೊದಲ ಮೂರು ಹೊಡೆತ ಹೋದವು. ನಾಲ್ಕನೆಯದರಲ್ಲಿ ಬಿಳಿ ಚೆಂಡು ಕೆಂಪನ್ನು ತೆಳ್ಳಗೆ ಸವರಿ, ಉದ್ದದ ಕುಷನ್ನಿಗೆ ತಾಗಿ, ನಿಧಾನವಾಗಿ ಬಂದು ಹಳದಿಯನ್ನು ಮುಟ್ಟಿತು.

"ಕ್ಯಾನನ್!" ಅಂದರು ಮಾವ.

"ಕಾರಾಂಬೋಲ" ಅಂದರು ತಾತ, ಎಣಿಕೆಯ ಮಣಿ ಒಂದನ್ನು ಆಚೆ ಸರಿಸುತ್ತಾ.